ಹಳೇ ಕಾರಿನ ಹಳದಿ ದೀಪ

ಸಂಜೆ ಏಳೂವರೆ ಆಗಿತ್ತು. ಕಲಿಕಾ ಕೇಂದ್ರದಲ್ಲಿ ಅವತ್ತಿನ ಪಾಠ ಮುಗಿದಿತ್ತು. ಎಲ್ಲರೂ ಪುಸ್ತಕ ಎತ್ತಿಕೊಂಡು ಮನೆ ಕಡೆ ಹೊರಟರು. ಒಬ್ಬ ಅಕ್ಕ ಮಾತ್ರ ಹೋಗಲಿಲ್ಲ. ಚೀಲದಿಂದ ಒಂದು ಲೆಕ್ಕದ ಪುಸ್ತಕ ತೆಗೆದು ನನ್ನ ಮುಂದೆ ಇಟ್ಟರು.

“ಮೇಷ್ಟ್ರೇ, ಇದನ್ನ ಸ್ವಲ್ಪ ನೋಡಿ. ಗ್ಯಾರೇಜಿನಲ್ಲಿ ಒಂದು ಯಂತ್ರದ ಮೇಲೆ ಬಂತು. ಇದ್ದ ಹಾಗೇ ಬರ್ಕೊಂಡು ಬಂದೆ. ಏನಿದು ಅಂತ ಕೇಳಿದ್ರೆ, ‘ನಿಮಗೆ ಗೊತ್ತಾಗಲ್ಲ ಬಿಡಮ್ಮ’ ಅಂದ್ರು.”

ಒಂದು ಇಂಗ್ಲಿಷ್ ಅಕ್ಷರ. ಅದರ ಮುಂದೆ ನಾಲ್ಕು ಅಂಕಿ. ಪಿ 0171.

ಬರವಣಿಗೆ ಚೆನ್ನಾಗಿತ್ತು. ಆದರೆ ನಿಜ ಹೇಳಬೇಕು ಅಂದರೆ ನನಗೂ ಗೊತ್ತಾಗಲಿಲ್ಲ. ನಾನು ಡಿ.ಎಡ್. ಓದಿದವನು, ಇಂಜಿನ್ ಓದಿದವನಲ್ಲ.

ಅಕ್ಕನ ಯಜಮಾನರು ಬಾಡಿಗೆ ಕಾರು ಓಡಿಸುತ್ತಾರೆ. 2014ರ ಪೆಟ್ರೋಲ್ ಕಾರು. ಬೇರೆಯವರಿಂದ ಕೊಂಡದ್ದು. ತಿಪಟೂರಿನ ರೈಲು ನಿಲ್ದಾಣದ ಹತ್ತಿರ ನಿಲ್ಲಿಸಿಕೊಂಡು ಬಾಡಿಗೆ ಕಾಯುತ್ತಾರೆ. ಆಸ್ಪತ್ರೆಗೆ, ಮದುವೆಗೆ, ಒಮ್ಮೊಮ್ಮೆ ಬೆಂಗಳೂರಿಗೆ. ಆ ಕಾರಿನ ಮೇಲೇ ಮನೆ ನಡೆಯಬೇಕು.

ಮೂರು ತಿಂಗಳಿಂದ ಆ ಕಾರಿನ ಮೀಟರ್ ಬೋರ್ಡಿನಲ್ಲಿ ಒಂದು ಹಳದಿ ದೀಪ ಹತ್ತುತ್ತಿತ್ತು. ಗ್ಯಾರೇಜಿನಲ್ಲಿ ಆರಿಸುತ್ತಾರೆ. ನಾಲ್ಕು ದಿನಕ್ಕೆ ಮತ್ತೆ ಹತ್ತುತ್ತದೆ. ಮೂರು ಗ್ಯಾರೇಜ್ ಸುತ್ತಿದ್ದಾಯಿತು. ಅಕ್ಕ ಖರ್ಚನ್ನೆಲ್ಲಾ ಬರೆದಿಟ್ಟಿದ್ದರು. ಆಕ್ಸಿಜನ್ ಸೆನ್ಸರ್ 4,200 ರೂಪಾಯಿ. ಇಂಜೆಕ್ಟರ್ ತೊಳೆಸಿದ್ದು 1,800. ನಾಲ್ಕು ಸ್ಪಾರ್ಕ್ ಪ್ಲಗ್ 900. ಏರ್ ಫಿಲ್ಟರ್ 350. ಕೂಲಿ 1,250. ಒಟ್ಟು 8,500 ರೂಪಾಯಿ. ಅದಕ್ಕಾಗಿ ಮಹಿಳಾ ಸಂಘದಲ್ಲಿ ಸಾಲ ಎತ್ತಿದ್ದರು. ಎಫ್.ಸಿ.ಗೆ ಒಂದೇ ತಿಂಗಳು ಉಳಿದಿತ್ತು.

“ಈಗ ಕಂಪ್ಯೂಟರೇ ಹೋಗಿದೆ, ಅದನ್ನೇ ಬದಲಾಯಿಸಬೇಕು ಅಂತಿದ್ದಾರೆ. ಇನ್ನೊಬ್ಬರು, ಬಲ್ಬ್ ಕಿತ್ತುಹಾಕಿ, ತಲೆನೋವೇ ಇರಲ್ಲ ಅಂತಾರೆ. ಯಾರ ಮಾತು ಕೇಳೋದು ಮೇಷ್ಟ್ರೇ?”

ನನ್ನ ಸೋದರಮಾವ ತುಮಕೂರಿನಲ್ಲಿ ಗ್ಯಾರೇಜ್ ಇಟ್ಟಿದ್ದಾರೆ. ಮಾತು ಕಡಿಮೆ, ಕೈ ಸ್ವಚ್ಛ. ಅವರಿಗೆ ಫೋನ್ ಮಾಡಿದೆ. ಅಂಕಿ ಓದಿ ಹೇಳಿದೆ. ಅವರು ಒಂದೇ ಮಾತು ಹೇಳಿದರು. “ದೀಪ ಆರಿಸಬೇಡಿ. ಹಂಗೇ ಕಾರು ತಗೊಂಡು ಭಾನುವಾರ ಬನ್ನಿ. ಆ ಅಮ್ಮನ ಲೆಕ್ಕದ ಪುಸ್ತಕಾನೂ ತನ್ನಿ.”

ಆ ಭಾನುವಾರ ನಾನು ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಹಳೇ ಕಾರು ಇರಬಹುದು. ನಿಮ್ಮ ಮಗನೋ ತಮ್ಮನೋ ಚಾಲಕ ಆಗಿರಬಹುದು.

ಆ ದೀಪ ಏನು?

ಕಾರಿನ ಕೀ ತಿರುಗಿಸಿದಾಗ ಮೀಟರ್ ಬೋರ್ಡಿನಲ್ಲಿ ಹಲವು ದೀಪ ಹತ್ತುತ್ತವೆ. ಅದರಲ್ಲಿ ಒಂದು ಹಳದಿ. ಇಂಜಿನ್ನಿನ ಚಿತ್ರ ಇರುತ್ತದೆ. ಇಂಜಿನ್ ಶುರುವಾದ ಮೇಲೆ ಅದು ಆರಬೇಕು. ಆರದಿದ್ದರೆ, ಅಥವಾ ಓಡುವಾಗ ಹತ್ತಿದರೆ, ಇಂಜಿನ್ನಿನ ಕಂಪ್ಯೂಟರ್ ಏನೋ ದೂರು ಬರೆದುಕೊಂಡಿದೆ ಎಂದು ಅರ್ಥ.

ಹಳದಿ ದೀಪ ಸುಮ್ಮನೆ ಹತ್ತಿಕೊಂಡಿದ್ದು, ಕಾರು ಸರಿಯಾಗಿ ಓಡುತ್ತಿದ್ದರೆ ಗಾಬರಿ ಬೇಡ. ನಿಧಾನವಾಗಿ ಓಡಿಸಿಕೊಂಡು ಗ್ಯಾರೇಜಿಗೆ ಹೋಗಬಹುದು. ಅದೇ ದೀಪ ಮಿಣುಕು ಮಿಣುಕು ಅಂದರೆ ಮಾತ್ರ ಬೇರೆ. ಆಗ ಇಂಜಿನ್ನಿನ ಒಳಗೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಉರಿಯದ ಪೆಟ್ರೋಲ್ ಹೊಗೆ ಪೈಪಿಗೆ ಹೋಗಿ, ಹೊಗೆ ಶುದ್ಧ ಮಾಡುವ ಡಬ್ಬಿಯನ್ನು ಸುಡುತ್ತದೆ. ಆ ಡಬ್ಬಿ ದುಬಾರಿ. ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಬೇಕು. ಕೆಂಪು ದೀಪ ಇನ್ನೂ ಅಪಾಯ. ಎಣ್ಣೆ ಬುಡ್ಡಿಯ ಚಿತ್ರದ ಕೆಂಪು ದೀಪ ಓಡುವಾಗ ಹತ್ತಿದರೆ ತಕ್ಷಣ ಇಂಜಿನ್ ಆರಿಸಿ. ಒಂದು ಕಿಲೋಮೀಟರ್ ಓಡಿಸೋಣ ಅಂದರೂ ಇಂಜಿನ್ ಹಿಡಿದುಕೊಳ್ಳಬಹುದು.

ಬಲ್ಬ್ ಕೀಳುವ ವಿಷಯ ಕೇಳಿ ಮಾವ ನಕ್ಕರು. ಬಲ್ಬ್ ಕಿತ್ತರೆ ಮುಂದೆ ಬೇರೆ ದೊಡ್ಡ ತೊಂದರೆ ಬಂದರೂ ಗೊತ್ತಾಗುವುದಿಲ್ಲ. ಇನ್ನೊಂದು ಮಾತು. ನೀವು ಹಳೇ ಕಾರು ಕೊಳ್ಳಲು ಹೋದರೆ, ಕೀ ತಿರುಗಿಸಿ ಈ ಹಳದಿ ದೀಪ ಮೊದಲು ಹತ್ತುತ್ತದಾ ನೋಡಿ. ಹತ್ತದಿದ್ದರೆ ಯಾರೋ ಅದನ್ನು ಮುಚ್ಚಿಟ್ಟಿರಬಹುದು.

ಅಮೆರಿಕದಲ್ಲಿ 1996ರ ಮಾದರಿಯಿಂದ ಎಲ್ಲಾ ಕಾರುಗಳಿಗೂ ಒಂದೇ ತರಹದ ದೂರಿನ ಅಂಕಿ ಬಂತು. ನಮ್ಮ ದೇಶದಲ್ಲಿ ಈ ಏರ್ಪಾಡಿನ ಮೊದಲ ಹಂತ 2010ರ ಏಪ್ರಿಲ್‌ನಲ್ಲಿ, ಎರಡನೇ ಹಂತ 2013ರ ಏಪ್ರಿಲ್‌ನಲ್ಲಿ ಬಂತು. ಅಕ್ಕನ ಮನೆಯ ಕಾರು 2014ರದು. ಹಾಗಾಗಿ ಅದರಲ್ಲಿ ಈ ಏರ್ಪಾಡು ಪೂರ್ತಿ ಇದೆ. ಸ್ಟೇರಿಂಗ್ ಕೆಳಗೆ ಹದಿನಾರು ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಸ್ಕ್ಯಾನರ್ ಎಂಬ ಯಂತ್ರವನ್ನು ಅಲ್ಲಿ ಚುಚ್ಚಿದರೆ ಕಂಪ್ಯೂಟರ್ ಬರೆದಿಟ್ಟ ಅಂಕಿ ಕಾಣುತ್ತದೆ.

ಆ ಅಂಕಿಯನ್ನು ಓದುವುದು ಹೀಗೆ. ‘ಪಿ’ ಅಂದರೆ ಇಂಜಿನ್ ಮತ್ತು ಗೇರ್ ಬಾಕ್ಸಿನ ದೂರು. ಮೊದಲ ಸೊನ್ನೆ ಅಂದರೆ ಎಲ್ಲಾ ಕಂಪನಿಗೂ ಒಂದೇ ಅರ್ಥ ಇರುವ ಅಂಕಿ. ಆಮೇಲಿನ 1 ಅಂದರೆ ಗಾಳಿ ಮತ್ತು ಪೆಟ್ರೋಲಿನ ವಿಷಯ. ಅಲ್ಲಿ 3 ಇದ್ದರೆ ಸ್ಪಾರ್ಕಿನ ವಿಷಯ ಆಗುತ್ತಿತ್ತು. ಕೊನೆಯ 71 ಇಂಥದ್ದೇ ದೂರು ಎಂದು ತೋರಿಸುತ್ತದೆ. ಪೂರ್ತಿ ಓದಿದರೆ: “ಗಾಳಿ ಹೆಚ್ಚಾಗಿದೆ, ಪೆಟ್ರೋಲ್ ಸಾಲುತ್ತಿಲ್ಲ.”

ಅಕ್ಕ ತಕ್ಷಣ ಕೇಳಿದರು. “ಅಷ್ಟೇನಾ? ಇದರಲ್ಲಿ ಸೆನ್ಸರ್ ಕೆಟ್ಟಿದೆ ಅಂತ ಎಲ್ಲಿದೆ?”

“ಎಲ್ಲೂ ಇಲ್ಲ ಕಣಮ್ಮ. ಅದೇ ನೋಡು ಎಡವಟ್ಟು,” ಅಂದರು ಮಾವ.

ದೂರು ಯಾರದು, ತಪ್ಪು ಯಾರದು?

ಗ್ಯಾಸ್ ಒಲೆ ನೆನಪು ಮಾಡಿಕೊಳ್ಳಿ. ಗಾಳಿ ಸರಿಯಾಗಿ ಸೇರಿದರೆ ಉರಿ ನೀಲಿ. ಗಾಳಿ ಸಾಲದಿದ್ದರೆ ಉರಿ ಹಳದಿಯಾಗಿ ಪಾತ್ರೆ ತಳಕ್ಕೆ ಮಸಿ ಹಿಡಿಯುತ್ತದೆ. ಗಾಳಿ ಹೆಚ್ಚಾದರೆ ಉರಿ ಒಲೆ ಬಿಟ್ಟು ಹಾರಿದ ಹಾಗೆ ಆಡುತ್ತದೆ. ಇಂಜಿನ್ನಿಗೂ ಹೀಗೇ ಹದ ಬೇಕು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು.

ಈ ಕಾರಿನಲ್ಲಿ ಗಾಳಿ ಮೊದಲು ಏರ್ ಫಿಲ್ಟರ್ ದಾಟುತ್ತದೆ. ಅಲ್ಲೇ ಪಕ್ಕದಲ್ಲಿ ಗಾಳಿ ಅಳೆಯುವ ಸೆನ್ಸರ್ ಇದೆ. ಅದು “ಇಷ್ಟು ಗಾಳಿ ಬಂತು” ಎಂದು ಕಂಪ್ಯೂಟರಿಗೆ ಹೇಳುತ್ತದೆ. ಕಂಪ್ಯೂಟರ್ ಲೆಕ್ಕ ಹಾಕಿ ಅಷ್ಟಕ್ಕೆ ತಕ್ಕ ಪೆಟ್ರೋಲ್ ಬಿಡಿಸುತ್ತದೆ. ಉರಿದ ಹೊಗೆ ಹೊರಗೆ ಹೋಗುವ ದಾರಿಯಲ್ಲಿ ಆಕ್ಸಿಜನ್ ಸೆನ್ಸರ್ ಕೂತಿರುತ್ತದೆ. ಹೊಗೆಯಲ್ಲಿ ಆಮ್ಲಜನಕ ಮಿಕ್ಕಿದ್ದರೆ ಅದು ಹೇಳುತ್ತದೆ: “ಪೆಟ್ರೋಲ್ ಸಾಲಲಿಲ್ಲ.” ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಸೇರಿಸುತ್ತದೆ. ಆದರೂ ಸಾಲದು ಎಂದೇ ವರದಿ ಬಂದರೆ ಇನ್ನಷ್ಟು ಸೇರಿಸುತ್ತದೆ. ಹೀಗೆ ಸೇರಿಸುವುದಕ್ಕೂ ಒಂದು ಮಿತಿ ಇದೆ. ಮಾಮೂಲಿಗಿಂತ ಸುಮಾರು ಕಾಲು ಭಾಗ ಹೆಚ್ಚು ಸೇರಿಸಿದ ಮೇಲೂ ಹದ ಬರದಿದ್ದರೆ ಕಂಪ್ಯೂಟರ್ ಕೈ ಎತ್ತುತ್ತದೆ. ಪಿ 0171 ಎಂದು ಬರೆಯುತ್ತದೆ. ಈ ಮಿತಿ ಎಲ್ಲಾ ಕಾರಿಗೂ ಒಂದೇ ಅಲ್ಲ.

ಅಂದಮೇಲೆ ಆಕ್ಸಿಜನ್ ಸೆನ್ಸರ್ ಮಾಡಿದ ತಪ್ಪೇನು? ಅದು ಸುದ್ದಿ ತಂದಿತು, ಅಷ್ಟೇ. ಕೆಟ್ಟ ಸುದ್ದಿಯ ಕಾಗದ ಬಂತು ಅಂತ ಪೋಸ್ಟ್‌ಮ್ಯಾನನ್ನು ಬದಲಾಯಿಸಿದರೆ ಸುದ್ದಿ ಬದಲಾಗುತ್ತದೆಯೇ? 4,200 ರೂಪಾಯಿ ಹೋದದ್ದು ಅಲ್ಲಿ. ಆ ಸೆನ್ಸರ್ ಕೆಡುವುದೇ ಇಲ್ಲ ಅಂತಲ್ಲ. ಕೆಡುತ್ತದೆ. ಆದರೆ ಪರೀಕ್ಷೆ ಮಾಡಿ, ಕೆಟ್ಟಿದೆ ಅಂತ ಖಾತ್ರಿ ಆದಮೇಲೆ ಬದಲಾಯಿಸಬೇಕು. ಬದಲಾಯಿಸಿ ನೋಡೋಣ ಅನ್ನುವುದು ನಮ್ಮ ಜೇಬಿನ ಮೇಲೆ ಮಾಡುವ ಪರೀಕ್ಷೆ.

ಹಾಗಾದರೆ ನಿಜವಾದ ತಪ್ಪು ಯಾರದು ಇರಬಹುದು? ಅಳತೆಗೆ ಸಿಗದೆ ಗಾಳಿ ಎಲ್ಲಿಂದಲೋ ಕಳ್ಳದಾರಿಯಲ್ಲಿ ಒಳಗೆ ನುಗ್ಗುತ್ತಿರಬಹುದು. ಪೆಟ್ರೋಲ್ ಪಂಪು ಸೋತಿರಬಹುದು, ಪೆಟ್ರೋಲ್ ಫಿಲ್ಟರ್ ಕಟ್ಟಿರಬಹುದು, ಇಂಜೆಕ್ಟರ್ ಮುಚ್ಚಿರಬಹುದು. ಗಾಳಿ ಅಳೆಯುವ ಸೆನ್ಸರ್ ಧೂಳು ಹಿಡಿದು ಕಡಿಮೆ ಲೆಕ್ಕ ಹೇಳುತ್ತಿರಬಹುದು. ಹೊಗೆ ಪೈಪಿನಲ್ಲಿ ಆಕ್ಸಿಜನ್ ಸೆನ್ಸರಿಗಿಂತ ಮುಂಚೆ ತೂತು ಬಿದ್ದು ಹೊರಗಿನ ಗಾಳಿ ಸೇರುತ್ತಿರಬಹುದು. ಅಂಕಿ ಒಂದೇ, ಅನುಮಾನ ಇಷ್ಟು. ಜ್ವರ 102 ಇದೆ ಅಂತ ಗೊತ್ತಾದರೆ ಸಾಲದು. ಮಲೇರಿಯಾನೋ, ಟೈಫಾಯ್ಡೋ, ಗಂಟಲು ನೋವೋ ನೋಡಬೇಕು.

ಲೆಕ್ಕದ ಪುಸ್ತಕ ಹೇಳಿದ ಸಾಕ್ಷಿ

ಮಾವ ಬಾನೆಟ್ ಎತ್ತಲೇ ಇಲ್ಲ. ಒಂದು ಸ್ಟೂಲ್ ಮೇಲೆ ಕೂತರು. “ದೀಪ ಯಾವಾಗ ಯಾವಾಗ ಬಂತು?” ಎಂದು ಕೇಳಿದರು.

ಯಜಮಾನರು ತಲೆ ಕೆರೆದುಕೊಂಡರು. “ಹೊತ್ತುಗೊತ್ತು ಇಲ್ಲ ಸಾರ್. ಬಂದಾಗ ಬರುತ್ತೆ.”

ಆದರೆ ಅಕ್ಕನ ಪುಸ್ತಕದಲ್ಲಿ ದಿನಾಂಕ ಇತ್ತು. ದಿನದ ಬಾಡಿಗೆ ಎಷ್ಟು, ಯಾವ ಊರಿಗೆ ಹೋಗಿದ್ದು, ಪೆಟ್ರೋಲ್ ಎಷ್ಟು ಹಾಕಿಸಿದ್ದು, ಎಲ್ಲಾ ಒಂದೊಂದು ಸಾಲು. ದೀಪ ಬಂದ ದಿನ ಪಕ್ಕದಲ್ಲಿ ಒಂದು ಚುಕ್ಕೆ. ಐದು ಚುಕ್ಕೆ ಇದ್ದವು. ಮಾವ ಕನ್ನಡಕ ಹಾಕಿಕೊಂಡು ಒಂದೊಂದೇ ಓದಿದರು. ಐದಕ್ಕೆ ಐದೂ ಊರೊಳಗಿನ ಬಾಡಿಗೆಯ ದಿನಗಳು. ಆಸ್ಪತ್ರೆ ಮುಂದೆ ಏ.ಸಿ. ಹಾಕಿ ಕಾದದ್ದು, ಛತ್ರದ ಮುಂದೆ ಕಾದದ್ದು, ರೈಲ್ವೆ ಗೇಟಿನಲ್ಲಿ ನಿಂತದ್ದು. ಬೆಂಗಳೂರಿಗೆ ಹೋಗಿ ಬಂದ ದಿನಗಳಲ್ಲಿ ಒಂದು ಚುಕ್ಕೆಯೂ ಇಲ್ಲ.

“ನೋಡಪ್ಪಾ, ನಿನ್ನ ಕಾರು ಓಡುವಾಗ ಸುಮ್ಮನಿರುತ್ತೆ. ನಿಂತು ಉರಿಯುವಾಗ ದೂರು ಹೇಳುತ್ತೆ. ಈ ಮಾತು ಯಾವ ಗ್ಯಾರೇಜಿನವರೂ ಕೇಳಲಿಲ್ವಾ?”

ಕೇಳಿರಲಿಲ್ಲ. ಕೇಳಿದ್ದರೂ ಯಜಮಾನರು ಹೇಳುತ್ತಿರಲಿಲ್ಲವೇನೋ. ಪುಸ್ತಕ ಮನೆಯಲ್ಲಿತ್ತು.

ಆರಿಸಿದ ದೀಪ ನಾಲ್ಕು ದಿನ ಬಿಟ್ಟು ಯಾಕೆ ಬರುತ್ತಿತ್ತು ಎಂಬುದೂ ಆಗ ಗೊತ್ತಾಯಿತು. ಇಂಥ ದೂರನ್ನು ಕಂಪ್ಯೂಟರ್ ಒಂದೇ ಸಲಕ್ಕೆ ನಂಬುವುದಿಲ್ಲ. ಸಾಮಾನ್ಯವಾಗಿ ಎರಡು ಓಡಾಟದಲ್ಲಿ ಒಂದರ ಹಿಂದೆ ಒಂದು ಅದೇ ತೊಂದರೆ ಕಂಡರೆ ಮಾತ್ರ ದೀಪ ಹಚ್ಚುತ್ತದೆ. ದೀಪ ಆರಿಸಿದರೆ ಹಳೆಯ ಲೆಕ್ಕವೂ ಅಳಿಸಿ ಹೋಗಿ ಮೊದಲಿಂದ ಶುರು. ಬ್ಯಾಟರಿ ವೈರ್ ಬಿಚ್ಚಿ ಹಾಕಿದರೂ ಬಹಳಷ್ಟು ಕಾರುಗಳಲ್ಲಿ ಹೀಗೇ ಆಗುತ್ತದೆ. ದೀಪ ಆರಿದ್ದು ನೋಡಿ ರಿಪೇರಿ ಆಯಿತು ಅಂದುಕೊಂಡು ದುಡ್ಡು ಕೊಟ್ಟು ಬರುತ್ತೇವೆ.

ಇನ್ನೂ ಒಂದು ನಷ್ಟ ಇದೆ. ದೂರು ಬರೆಯುವ ಗಳಿಗೆಯಲ್ಲಿ ಇಂಜಿನ್ ಹೇಗಿತ್ತು ಎಂಬುದನ್ನು ಕಂಪ್ಯೂಟರ್ ಫೋಟೋ ಹಿಡಿದ ಹಾಗೆ ಇಟ್ಟುಕೊಂಡಿರುತ್ತದೆ. ವೇಗ ಎಷ್ಟು, ಇಂಜಿನ್ ಎಷ್ಟು ಸುತ್ತುತ್ತಿತ್ತು, ಬಿಸಿ ಎಷ್ಟಿತ್ತು. ದೀಪ ಆರಿಸಿದರೆ ಆ ಸಾಕ್ಷಿಯೂ ಹೋಯಿತು. ಅದಕ್ಕೇ ಮಾವ ಆರಿಸಬೇಡಿ ಅಂದದ್ದು. ಸ್ಕ್ಯಾನರ್ ಹಾಕಿ ನೋಡಿದರು. ವೇಗ ಸೊನ್ನೆ. ಇಂಜಿನ್ ನಿಮಿಷಕ್ಕೆ 720 ಸುತ್ತು. ಬಿಸಿ 91 ಡಿಗ್ರಿ. ಪುಸ್ತಕದ ಚುಕ್ಕೆಗಳು ಹೇಳಿದ್ದನ್ನೇ ಅದೂ ಹೇಳಿತು.

ಹಾಲಿಗೆ ಎಷ್ಟು ನೀರು?

ಆಮೇಲೆ ಇಂಜಿನ್ ಶುರು ಮಾಡಿದರು. ಪೂರ್ತಿ ಬಿಸಿ ಆಗುವ ತನಕ ಬಿಟ್ಟರು. ಇದು ಮುಖ್ಯ. ಇಂಜಿನ್ ತಣ್ಣಗಿರುವಾಗ ಕಂಪ್ಯೂಟರ್ ಆಕ್ಸಿಜನ್ ಸೆನ್ಸರಿನ ಮಾತು ಕೇಳುವುದಿಲ್ಲ. ತಣ್ಣನೆ ಇಂಜಿನ್ನಿನಲ್ಲಿ ನೋಡಿದರೆ ಎಲ್ಲಾ ಸರಿ ಇದ್ದ ಹಾಗೆ ಕಾಣಬಹುದು.

ಕಂಪ್ಯೂಟರ್ ಎಷ್ಟು ಪೆಟ್ರೋಲ್ ಹೆಚ್ಚಿಗೆ ಸೇರಿಸುತ್ತಿದೆ ಎಂಬುದು ಸ್ಕ್ಯಾನರಿನಲ್ಲಿ ನೂರಕ್ಕೆ ಇಷ್ಟು ಅಂತ ಕಾಣುತ್ತದೆ. ಹತ್ತರ ಒಳಗೆ ಇದ್ದರೆ ಚಿಂತೆ ಇಲ್ಲ. ಇಂಜಿನ್ ಐಡ್ಲಿಂಗಿನಲ್ಲಿ ನಿಂತಾಗ 26 ಇತ್ತು. ಮಾವ ಆಕ್ಸಿಲರೇಟರ್ ಒತ್ತಿ 2,500 ಸುತ್ತಿಗೆ ಹಿಡಿದರು. ಅಂಕಿ ಇಳಿಯಿತು. ಇಳಿದು ಇಳಿದು 7ಕ್ಕೆ ನಿಂತಿತು.

“ಸಿಕ್ಕಿತು,” ಅಂದರು. ನನಗೆ ಏನೂ ಸಿಕ್ಕಿರಲಿಲ್ಲ. ಅವರು ಅಕ್ಕನ ಕಡೆ ತಿರುಗಿ ಕೇಳಿದರು. “ಒಂದು ಲೋಟ ಹಾಲಿಗೆ ಅರ್ಧ ಲೋಟ ನೀರು ಬಿದ್ದರೆ ಏನಾಗುತ್ತಮ್ಮ?”

“ನೀರಾಗಿಬಿಡುತ್ತೆ.”

“ಒಂದು ಬಿಂದಿಗೆ ಹಾಲಿಗೆ ಅದೇ ಅರ್ಧ ಲೋಟ ಬಿದ್ದರೆ?”

“ಗೊತ್ತೇ ಆಗಲ್ಲ.”

ಅದೇ ಲೆಕ್ಕ. ಇಂಜಿನ್ ಐಡ್ಲಿಂಗಿನಲ್ಲಿ ಇದ್ದಾಗ ಎಳೆದುಕೊಳ್ಳುವ ಗಾಳಿ ಒಂದು ಲೋಟದಷ್ಟು. ಜೊತೆಗೆ ಆಗ ಒಳಗೆ ಹೀರುವ ಸೆಳೆತವೂ ಜೋರು. ಎಲ್ಲೋ ಒಂದು ಬಿರುಕು ಇದ್ದರೆ ಅಲ್ಲಿಂದ ನುಗ್ಗುವ ಕಳ್ಳಗಾಳಿ ದೊಡ್ಡ ಪಾಲಾಗುತ್ತದೆ. ಇಂಜಿನ್ ಜೋರಾಗಿ ಓಡುವಾಗ ಎಳೆಯುವ ಗಾಳಿ ಬಿಂದಿಗೆಯಷ್ಟು. ಬಿರುಕು ಅಷ್ಟೇ ಇದೆ. ಕಳ್ಳಗಾಳಿ ಲೆಕ್ಕಕ್ಕೇ ಬರುವುದಿಲ್ಲ. ನಿಂತಾಗ ಹೆಚ್ಚು, ಓಡುವಾಗ ಕಡಿಮೆ ಎಂದರೆ ಗಾಳಿ ಸೋರಿಕೆ.

ಇದು ತಿರುಗಾಮುರುಗಾ ಇದ್ದರೆ? ನಿಂತಾಗ ಸರಿ ಇದ್ದು, ಏರು ಹತ್ತುವಾಗ, ಜನ ತುಂಬಿಕೊಂಡು ಓಡುವಾಗ ಅಂಕಿ ಏರಿದರೆ ಪೆಟ್ರೋಲ್ ಪಂಪು, ಫಿಲ್ಟರ್ ನೋಡಬೇಕು. ಗಾಳಿ ಅಳೆಯುವ ಸೆನ್ಸರ್ ಮೇಲೂ ಒಂದು ಕಣ್ಣು ಇರಬೇಕು. ಅದನ್ನು ತೊಳೆಯಲು ಬೇರೆ ಸ್ಪ್ರೇ ಬರುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಒಳಗಿನ ಸಣ್ಣ ತಂತಿ ಹಾಳಾಗುತ್ತದೆ.

ಮಾವ ಒಂದು ಎಚ್ಚರಿಕೆಯನ್ನೂ ಹೇಳಿದರು. ಎಲ್ಲಾ ಕಾರಿಗೂ ಈ ಲೆಕ್ಕ ಹೊಂದುವುದಿಲ್ಲ. ಕೆಲವು ಕಾರುಗಳಲ್ಲಿ ಗಾಳಿಯನ್ನು ನೇರವಾಗಿ ಅಳೆಯದೆ, ಒಳಗಿನ ಒತ್ತಡ ನೋಡಿ ಲೆಕ್ಕ ಹಾಕುತ್ತಾರೆ. ಅಂಥ ಕಾರಿನಲ್ಲಿ ಸೋರಿಕೆ ಆದರೆ ಈ ಅಂಕಿ ಬರದೆ, ಐಡ್ಲಿಂಗ್ ಏರಿ ಕೂರಬಹುದು.

ಹೊಗೆ ಹಾಕಿ ಹುಡುಕಿದ್ದು

ಈಗ ಬಾನೆಟ್ ಎತ್ತಿದರು. ಪೈಪುಗಳನ್ನು ಒಂದೊಂದಾಗಿ ನೋಡಿದರು. ಮೇಲಿನಿಂದ ಎಲ್ಲಾ ಚೆನ್ನಾಗೇ ಕಂಡವು. ಕೆಲವರು ಓಡುವ ಇಂಜಿನ್ನಿನ ಮೇಲೆ ಕ್ಲೀನರ್ ಸ್ಪ್ರೇ ಹೊಡೆದು ಸದ್ದು ಬದಲಾಗುತ್ತದಾ ನೋಡುತ್ತಾರೆ. ಮಾವ ಹಾಗೆ ಮಾಡುವುದಿಲ್ಲ. ಬಿಸಿ ಪೈಪಿನ ಮೇಲೆ ಬಿದ್ದರೆ ಬೆಂಕಿ ಹತ್ತಿಕೊಳ್ಳುತ್ತದೆ. ನೀವಂತೂ ಮನೆಯ ಮುಂದೆ ಇದನ್ನು ಮಾಡಲೇಬೇಡಿ.

ಅವರು ಇಂಜಿನ್ ಆರಿಸಿದರು. ಗಾಳಿ ಹೋಗುವ ಬಾಯಿ ಮುಚ್ಚಿದರು. ಒಂದು ಸಣ್ಣ ಯಂತ್ರದಿಂದ ನಿಧಾನವಾಗಿ ಹೊಗೆ ಬಿಟ್ಟರು. ನಾವೆಲ್ಲಾ ಸುತ್ತ ನಿಂತು ನೋಡಿದೆವು. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಇಂಜಿನ್ನಿನ ಹಿಂಭಾಗದಿಂದ, ಊದುಬತ್ತಿ ಹೊಗೆಯ ಹಾಗೆ, ಒಂದು ಎಳೆ ಮೇಲೆ ಬಂತು. ಮೊದಲು ಕಂಡವರು ಅಕ್ಕ. “ಅಲ್ಲಿ, ಅಲ್ಲಿ!” ಅಂದರು.

ಇಂಜಿನ್ನಿನ ಹೊಟ್ಟೆಯಲ್ಲಿ ಎಣ್ಣೆಯ ಆವಿ ಸೇರುತ್ತದೆ. ಅದನ್ನು ಮತ್ತೆ ಒಳಗೆ ಎಳೆದುಕೊಂಡು ಸುಡಲು ಒಂದು ರಬ್ಬರ್ ಪೈಪ್ ಇದೆ. ಗ್ಯಾರೇಜಿನವರು ಪಿ.ಸಿ.ವಿ. ಪೈಪ್ ಅನ್ನುತ್ತಾರೆ. ವರ್ಷಗಟ್ಟಲೆ ಬಿಸಿ ಮತ್ತು ಎಣ್ಣೆ ಆವಿ ತಿಂದು ಅದು ಒಣಗಿತ್ತು. ಮೊಣಕೈ ಹಾಗೆ ಬಾಗುವ ಕಡೆ, ಕೆಳಗಿನ ಮಗ್ಗುಲಲ್ಲಿ ಸೀಳಿತ್ತು. ಮೇಲಿನಿಂದ ಕಾಣುವ ಹಾಗೇ ಇಲ್ಲ. ಬಿಚ್ಚಿ ಕೈಯಲ್ಲಿ ಬಗ್ಗಿಸಿದರೆ ಒಣಗಿದ ಬಾಯಿ ತೆರೆದ ಹಾಗೆ ಬಿರುಕು ತೆರೆಯಿತು. ನನ್ನ ಕಿರುಬೆರಳ ಉಗುರಿನಷ್ಟು ಉದ್ದ ಇರಲಿಲ್ಲ.

ಯಜಮಾನರು ಆ ಪೈಪನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. “ಇದಕ್ಕಾ?” ಅಂದರು. ಅಷ್ಟೇ.

ಹೊಸ ಪೈಪ್, ಎರಡು ಕ್ಲಿಪ್ ಸೇರಿ 380 ರೂಪಾಯಿ. ಹಾಕಿ, ಇಂಜಿನ್ ಬಿಸಿ ಮಾಡಿ, ಮತ್ತೆ ಸ್ಕ್ಯಾನರ್ ನೋಡಿದರು. ದೀಪ ಆರಿಸಿದ್ದು ಆಮೇಲೆ. ಐಡ್ಲಿಂಗಿನಲ್ಲಿ 3. ಜೋರು ಮಾಡಿದರೆ 2. “ಒಂದು ವಾರ ಊರೊಳಗೇ ಓಡಿಸು. ಆಸ್ಪತ್ರೆ ಮುಂದೆ ಏ.ಸಿ. ಹಾಕಿ ನಿಲ್ಲಿಸು. ದೀಪ ಬರದಿದ್ದರೆ ರಿಪೇರಿ ಆಗಿದೆ ಅಂತ ಲೆಕ್ಕ,” ಅಂದರು ಮಾವ. ಹಳೇ ಪೈಪನ್ನು ಕಾಗದದಲ್ಲಿ ಸುತ್ತಿ ಅಕ್ಕನ ಕೈಗೆ ಕೊಟ್ಟರು. ಬದಲಾಯಿಸಿದ ಹಳೇ ಸಾಮಾನನ್ನು ಕೇಳಿ ಪಡೆಯುವುದು ಗಿರಾಕಿಯ ಹಕ್ಕು ಎನ್ನುವುದು ಅವರ ನಂಬಿಕೆ. ಮೊದಲು ಬದಲಾಯಿಸಿದ ಸೆನ್ಸರ್ ಎಲ್ಲಿದೆಯೋ, ನಿಜಕ್ಕೂ ಕೆಟ್ಟಿತ್ತೋ ಇಲ್ಲವೋ, ಈಗ ಹೇಳುವವರಿಲ್ಲ.

ವಾರ ಕಳೆಯಿತು. ಎರಡು ವಾರ ಕಳೆಯಿತು. ಚುಕ್ಕೆ ಇಡುವ ಕೆಲಸ ಬರಲಿಲ್ಲ. ಎಫ್.ಸಿ. ಆಯಿತು.

ಮೊನ್ನೆ ಅಕ್ಕ ಕೇಂದ್ರಕ್ಕೆ ಬಂದಾಗ ಪುಸ್ತಕ ತೋರಿಸಿದರು. ಕಾರಿಗೆ ಅಂತಲೇ ಹಿಂದಿನ ಕಡೆಯಿಂದ ನಾಲ್ಕು ಹಾಳೆ ಬಿಟ್ಟಿದ್ದಾರೆ. ದಿನಾಂಕ, ಕಿಲೋಮೀಟರ್, ಏನು ಬದಲಾಯಿಸಿದ್ದು, ಎಷ್ಟು ಕೊಟ್ಟಿದ್ದು. ಮೊದಲ ಸಾಲಿನಲ್ಲಿ ಪಿ 0171 ಎಂದು ಬರೆದು, ಪಕ್ಕದಲ್ಲಿ “ಪೈಪು ಬಿರುಕು, 380” ಎಂದಿತ್ತು. ಸಂಘದ ಸಾಲದ ಲೆಕ್ಕ ಮಾತ್ರ ಬೇರೆ ಹಾಳೆಯಲ್ಲಿದೆ. ಇನ್ನೂ ಮೂರು ಕಂತು ಬಾಕಿ.